ಮೋಡ ನೋಡುವ ಅಕ್ಕೋರು

ಬಿಸಿಲಿನಲ್ಲಿ ಫೋನಿನ ಪರದೆ ಕಾಣುವುದಿಲ್ಲವೆಂದು ಅಕ್ಕೋರು ಸೆರಗನ್ನು ತಲೆಯ ಮೇಲಿಂದ ಮುಖದ ಮುಂದಕ್ಕೆ ಎಳೆದುಕೊಂಡು, ಆ ಕತ್ತಲೆಯೊಳಗೆ ಫೋನು ಹಿಡಿದು ನೋಡುತ್ತಿದ್ದರು. ಹೊರಗಿನಿಂದ ನೋಡಿದವರಿಗೆ ಹೆಂಗಸೊಬ್ಬಳು ಕಟ್ಟೆಯ ಮೇಲೆ ಕೂತು ಅಳುತ್ತಿದ್ದಾಳೆ ಅನ್ನಿಸಬೇಕು. ತಾವರಗೇರಾಕ್ಕೆ ಹೊಸದಾಗಿ ಬಂದ ಬಸ್ ಕಂಡಕ್ಟರ್ ಒಬ್ಬ ನಿಜವಾಗಿ ಹಾಗೇ ತಿಳಿದು, "ಯಾಕವ್ವಾ, ಯಾರ್ ತೀರ್ಕೊಂಡ್ರು?" ಎಂದು ಕೇಳಿದ. ಸೆರಗಿನೊಳಗಿಂದಲೇ ಉತ್ತರ ಬಂತು: "ಇನ್ನೂ ಯಾರೂ ಇಲ್ಲೋ ಯಪ್ಪಾ. ಅದಕ್ಕ ನೋಡಾಕತ್ತೀನಿ."

ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದರು. ನಾನು ಅವರ ಸಾಲಿಯಲ್ಲಿ ಕೂತವನಲ್ಲ. ನಮ್ಮದು ಕುರಿಯವರ ಮನೆ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ಕುರಿಯ ಹಿಂದೆ ಹೋದವನು, ಮದುವೆಯಾಗಿ, ಊರಲ್ಲಿ ಫ್ಯಾನು ಮಿಕ್ಸರ್ ರಿಪೇರಿಯ ಅಂಗಡಿ ಇಟ್ಟ ಮೇಲೆ, ಹತ್ತನೇ ಪರೀಕ್ಷೆಗೆ ಹೊರಗಿನಿಂದ ಕಟ್ಟಿದೆ. ಭಾನುವಾರ ಮುಂಜಾನೆ ಅವರ ಮನೆಯ ಪಡಸಾಲೆಯಲ್ಲಿ ನನಗೆ ಪಾಠ.

ಮೊದಲ ದಿನ ಅವರು ಪುಸ್ತಕ ತೆಗೆಯಲಿಲ್ಲ. ಉಪಗ್ರಹ ತೆಗೆದ ನಮ್ಮ ಜಿಲ್ಲೆಯ ಚಿತ್ರ ತೋರಿಸಿದರು. ಬಲಗಡೆ ದಟ್ಟ ಹಸಿರು, ಅದು ಗಂಗಾವತಿ, ಸಿದ್ದಾಪುರ, ಕಾಲುವೆಯ ನೀರು ಕಂಡ ನೆಲ. ಮೇಲೆ ಎಡಕ್ಕೆ ಕಂದು, ಅದು ಕುಷ್ಟಗಿ, ಯಲಬುರ್ಗಾ, ಅಂದರೆ ನಾವು. ಕಾಲುವೆ ನಿಂತಲ್ಲಿ ಹಸಿರೂ ಕತ್ತರಿಯಿಂದ ಕತ್ತರಿಸಿದ ಹಾಗೆ ನಿಂತಿತ್ತು. ನಾನು ಸಣ್ಣವನಿದ್ದಾಗ ಕುರಿ ಹೊಡೆದುಕೊಂಡು ದಿನಗಟ್ಟಲೆ ನಡೆದ ದಾರಿ ಅವರ ಹೆಬ್ಬೆರಳಿನಷ್ಟೂ ಅಗಲ ಇರಲಿಲ್ಲ. ನನ್ನ ಮುಖ ಸಣ್ಣದಾದದ್ದು ಅವರಿಗೆ ಕಂಡಿರಬೇಕು. ನೀನು ನಡೆದದ್ದೂ ಖರೆ, ಇದೂ ಖರೆ, ಎರಡನ್ನೂ ಇಟ್ಟುಕೋ ಎಂದರು.

ಅವರು ಮೋಡ ನೋಡಲು ಶುರು ಮಾಡಿದ್ದು ನಾನು ಅವರನ್ನು ಕಾಣುವುದಕ್ಕಿಂತ ಮೊದಲು. ಬೇಸಿಗೆ ರಜೆಯಲ್ಲಿ ಕುರಿ ಕಾಯಲು ಹೋದ ಅವರ ಒಬ್ಬ ವಿದ್ಯಾರ್ಥಿ ಸಿಡಿಲು ಬಡಿದು ಸತ್ತಿದ್ದ. ಈ ಮಾತು ನನಗೆ ಸಾಲಿಯ ಜವಾನನಿಂದ ತಿಳಿಯಿತು, ಅವರು ಯಾವತ್ತೂ ಹೇಳಲಿಲ್ಲ. ಆಮೇಲೆ ಬೇಸಿಗೆ ಬಂತೆಂದರೆ ಊಟವಾದ ಕೂಡಲೇ ಕಟ್ಟೆಯ ಮೇಲೆ ಕೂತು ಉಪಗ್ರಹದ ಮೋಡದ ಚಿತ್ರ ತೆರೆಯುವುದು. ಬಿಳಿ ಇದ್ದರೆ ಸುಮ್ಮನಿರುವುದು. ಬಿಳಿಯ ನಡುವೆ ಕೆಂಪು ಚುಕ್ಕೆ ಎದ್ದರೆ ಆ ಮೋಡ ಬಹಳ ಎತ್ತರ ಬೆಳೆದಿದೆ ಎಂದು ಲೆಕ್ಕ. ಅದರ ಕೆಳಗೆ ನಮ್ಮ ಯಾವ ಕುರಿಯವರು ಇದ್ದಾರೆ ಎಂದು ನೆನಪಿಸಿಕೊಂಡು ಫೋನು ಹಚ್ಚುವುದು. ಆ ತಿಂಗಳುಗಳಲ್ಲಿ ನಮ್ಮವರೆಲ್ಲ ಸಿದ್ದಾಪುರದ ಕಡೆ ಇರುತ್ತಾರೆ. ಬತ್ತ ಕೊಯ್ದ ಗದ್ದೆಯಲ್ಲಿ ಕುರಿ ನಿಲ್ಲಿಸಿದರೆ ಗದ್ದೆಯವರಿಗೆ ಗೊಬ್ಬರ, ಕುರಿಗೆ ಮೇವು.

ಚಿತ್ರ ನಮ್ಮ ಕೈಗೆ ಬರುವ ಹೊತ್ತಿಗೆ ಹಳೆಯದಾಗಿರುತ್ತದೆ, ಮೋಡ ಆಗಲೇ ಮುಂದೆ ಹೋಗಿರುತ್ತದೆ ಎಂದು ಪ್ರತಿ ಸಲ ಹೇಳುತ್ತಿದ್ದರು. "ಇದು ಈಗಿಂದಲ್ಲೋ, ಆಗಿಂದು. ತಡಾ ಮಾಡಬ್ಯಾಡ" ಅನ್ನುವುದು ಅವರ ಬಾಯಿಪಾಠವೇ ಆಗಿತ್ತು.

ನಮ್ಮವರು ಮೊದಮೊದಲು ನಗುತ್ತಿದ್ದರು. "ಅಕ್ಕೋರ, ಮ್ಯಾಲಿನ ಫೋಟೋದಾಗ ನನ್ನ ಟಗರು ಕಾಣತೈತೇನ್ರಿ?" ಎಂದು ನಮ್ಮ ಕಾಕಾ ಒಮ್ಮೆ ಫೋನಿನಲ್ಲೇ ಕಿಚಾಯಿಸಿದ. "ಟಗರು ಕಾಣಂಗಿಲ್ಲ. ನಿನ್ನ ತೆಲಿ ಮ್ಯಾಲಿನ ಮೋಡ ಕಾಣತೈತಿ. ಗಿಡದ ಬುಡಕ ನಿಂತೀಯೇನು?" ಎಂದರು. ಕಾಕಾ ಗಿಡದ ಬುಡಕ್ಕೇ ನಿಂತಿದ್ದ. ಅವತ್ತಿನಿಂದ ನಗು ಕಡಿಮೆಯಾಯಿತು.

ಮಳೆ ಗಾಳಿ ಬಂದರೆ ಕುರಿ ಒಂದರ ಹೊಟ್ಟೆಯಡಿ ಇನ್ನೊಂದು ತಲೆ ತೂರಿಸಿ ಗುಂಪಾಗುತ್ತವೆ. ಕಾಯುವವನು ಕಂಬಳಿ ಹೊದ್ದು ಅವುಗಳ ನಡುವೆ ನಿಲ್ಲುತ್ತಾನೆ. ಬಿಟ್ಟು ಹೋದರೆ ಕುರಿ ಚದುರಿ ಪಕ್ಕದವರ ಬೆಳೆಗೆ ನುಗ್ಗುತ್ತವೆ, ಜಗಳ ಆಗುತ್ತದೆ. ಇದು ನಮ್ಮ ಹಿರಿಯರ ಕಾಲದಿಂದ ಬಂದ ರೀತಿ. ಅಕ್ಕೋರು ಇದನ್ನು ಬಿಡಿಸಲು ಬಹಳ ಕಷ್ಟಪಟ್ಟರು. ಕುರಿ ಹೋದರೆ ಹೋಗಲಿ, ನೀವು ಗೋಡೆ ಚಾವಣಿ ಇರುವ ಕಡೆ ಓಡಿ ಎನ್ನುವುದು ಅವರ ಮಾತು. ಗದ್ದೆಯ ಬಯಲಿನಲ್ಲಿ ಗೋಡೆ ಚಾವಣಿ ಅಂತ ಇರುವುದು ನೀರೆತ್ತುವ ಮೋಟರಿನ ಕೋಣೆ ಒಂದೇ.

ಅವತ್ತು ನಾನು ಅವರ ಮನೆಯ ಫ್ಯಾನು ಬಿಚ್ಚಿಕೊಂಡು ಕೂತಿದ್ದೆ. ಕಾರಟಗಿಯ ಕಡೆ ಎದ್ದ ಕೆಂಪು ಸಿದ್ದಾಪುರದ ಮೇಲೆ ಬರುತ್ತಿತ್ತು. ಅದರ ಕೆಳಗೆ ಇದ್ದವನು ನನ್ನ ತಮ್ಮ. ಅಕ್ಕೋರು ಫೋನು ಹಚ್ಚಿ, ಕುರಿ ಬಿಟ್ಟು ಮೋಟರಿನ ಕೋಣೆಗೆ ಓಡು ಎಂದರು. "ಕುರಿ ಬಿಟ್ಟು ಬಂದ್ರ ನಮ್ಮವ್ವ ಮನ್ಯಾಗ ಕರ್ಕೊಳ್ಳಂಗಿಲ್ರಿ" ಎಂದು ಅವನು ನಕ್ಕದ್ದು ನನಗೂ ಕೇಳಿಸಿತು. ನಿಮ್ಮವ್ವಗ ನಾ ಹೇಳ್ತೀನಿ, ನೀ ಓಡು ಎಂದರು. ಅವನು ಓಡಿದ. ಅವರ ಮಾತನ್ನು ಮೀರುವ ಹುಡುಗನಲ್ಲ. ಓಡುವ ಉಸಿರು ಫೋನಿನಲ್ಲಿ ಸ್ವಲ್ಪ ಹೊತ್ತು ಕೇಳಿಸಿ ನಿಂತಿತು.

ಕೋಣೆಗೆ ಕೀಲಿ ಹಾಕಿತ್ತು. ಅವನು ಬಾಗಿಲಿಗೆ ಬೆನ್ನು ಕೊಟ್ಟು, ತಗಡಿನ ಅಂಚಿನ ಕೆಳಗೆ ನಿಂತಿದ್ದ. ಪಕ್ಕದಲ್ಲೇ ಬೇವಿನ ಗಿಡ. ಸಿಡಿಲು ಆ ಗಿಡಕ್ಕೆ ಬಿತ್ತು.

ಗದ್ದೆಯ ನಡುವೆ ಇದ್ದ ಕುರಿ ಒಂದೂ ಸಾಯಲಿಲ್ಲ.

ಮಾತನಾಡಿಸಲು ಬಂದವರೆಲ್ಲ ಹಣೆಬರಹ ಎಂದರು, ದೇವರು ಒಳ್ಳೆಯವರನ್ನು ಬೇಗ ಕರೆಯುತ್ತಾನೆ ಎಂದರು. ಅಕ್ಕೋರೂ ಬಂದರು. ನಮ್ಮವ್ವ ಗೋಡೆಗೆ ಒರಗಿ ಕೂತಿದ್ದಳು. ತಲೆ ಎತ್ತಿ ನೋಡಿ, "ನಿಮ್ಮ ಮಾತ ಕೇಳಿ ಓಡ್ಯಾನ್ರಿ ಅಕ್ಕೋರ. ಕುರ್ಯಾಗ ನಿಂತಿದ್ರ ಉಳೀತಿದ್ದ" ಎಂದಳು. ಹೆಂಗಸರು ಅವಳನ್ನು ಸುಮ್ಮನಾಗಿಸಲು ಹೋದರು. ಅಕ್ಕೋರು ಬೇಡವೆಂದು ಕೈ ಮಾಡಿದರು.

"ಹೌದವ್ವಾ. ಮ್ಯಾಲಿಂದ ಮೋಡ ಕಾಣತೈತಿ, ಕೀಲಿ ಕಾಣಂಗಿಲ್ಲ. ಅದನ್ನ ನಾ ಮೊದಲ ಕೇಳಬೇಕಾಗಿತ್ತು."

ಅಷ್ಟು ಹೇಳಿ ಅಲ್ಲಿಯೇ ನೆಲದ ಮೇಲೆ ಸಂಜೆಯ ತನಕ ಕೂತರು. ದೇವರ ಮೇಲೆ ಹಾಕಲಿಲ್ಲ. ನನ್ನ ತಮ್ಮನ ಸಾವಿಗೆ ಒಂದು ಕಾರಣ ಇತ್ತು, ಅದನ್ನು ಸರಿಮಾಡಬಹುದಿತ್ತು ಎಂದು ನನಗೆ ಹೇಳಿದವರು ಅವರೊಬ್ಬರೇ. ಅದು ಸಮಾಧಾನದ ಮಾತಲ್ಲ. ಆದರೆ ಉಳಿದ ಯಾವ ಮಾತೂ ನನ್ನ ಕೈ ಹಿಡಿಯಲಿಲ್ಲ.

ಮುಂದಿನ ಬೇಸಿಗೆಗೆ ಮೊದಲು ಅವರು ಸಿದ್ದಾಪುರದ ಸುತ್ತಲಿನ ಹಳ್ಳಿಗಳಿಗೆ, ಕಾಲುವೆ ಬಂದ ಮೇಲೆ ನೆಲೆಸಿದವರ ಕ್ಯಾಂಪುಗಳಿಗೆ ಬಸ್ಸಿನಲ್ಲಿ ಹೋಗಿ ಗದ್ದೆಯವರನ್ನು ಕಂಡರು. ನಾನೂ ಜೊತೆಗಿದ್ದೆ. ಎರಡು ತಿಂಗಳು ಮೋಟರಿನ ಕೋಣೆಗೆ ಕೀಲಿ ಹಾಕಬೇಡಿ ಎನ್ನುವುದು ಅವರ ಬೇಡಿಕೆ. ಗದ್ದೆಯವರು ಕೆಟ್ಟವರೇನಲ್ಲ, ಕೂಡಿಸಿ ಚಹಾ ಕೊಟ್ಟರು. "ಕೀಲಿ ತಗದ್ರ ಬೆಳಗಾಗೂದ್ರಾಗ ವೈರೂ ಇರಂಗಿಲ್ಲ, ಮೋಟ್ರೂ ಇರಂಗಿಲ್ಲಮ್ಮಾ" ಎಂದ ಒಬ್ಬ. ಅದು ಸುಳ್ಳಲ್ಲ, ತಾಮ್ರದ ವೈರಿನ ಕಳ್ಳರು ಆ ಕಡೆ ಬಹಳ. ಹಾಗಾದರೆ ಕೀಲಿಕೈಯನ್ನಾದರೂ ಕುರಿಯವರ ಕೈಗೆ ಕೊಡಿ ಎಂದರು ಅಕ್ಕೋರು. ಊರೂರು ತಿರುಗುವವರ ಕೈಗೆ ಕೀಲಿಕೈ ಹೇಗೆ ಕೊಡುವುದು ಎನ್ನುವುದು ಗದ್ದೆಯವರ ಮುಖದಲ್ಲಿಯೇ ಇತ್ತು.

ನಾನು ಇದನ್ನು ಮನೆಯಲ್ಲಿ ಹೇಳಿದೆ. ಕುರಿ ಹೊರಡುವ ಮೊದಲು ನಮ್ಮವರು ಕೂತು ಯಾರ ಗದ್ದೆಗೆ ಯಾರು ಎಂದು ತೀರ್ಮಾನ ಮಾಡುವುದು ರೂಢಿ. ಹೆಂಗಸರು ಅಲ್ಲಿ ಮಾತನಾಡುವುದಿಲ್ಲ. ಆ ವರ್ಷ ನಮ್ಮವ್ವ ಎದ್ದು ಬಂದು ನಡುವೆ ನಿಂತಳು. "ಕೀಲಿಕೈ ಕೊಟ್ಟವರ ಹೊಲಕ್ಕ ಕುರಿ. ಕೊಡದಿದ್ರ ಮುಂದಿನ ಹೊಲ." ಗಂಡಸರು ಗೊಣಗಿದರು. ಆದರೆ ಮಗನನ್ನು ಕಳಕೊಂಡವಳ ಎದುರು ಎದ್ದು ನಿಂತು ಆಗುವುದಿಲ್ಲ ಎನ್ನಲು ಯಾರಿಗೂ ಬಾಯಿ ಬರಲಿಲ್ಲ.

ಗೊಬ್ಬರ ಬೇಕಾದವರು ಕೊಟ್ಟರು. ಎಲ್ಲರೂ ಕೊಡಲಿಲ್ಲ. ಕೊಡದವರ ಗದ್ದೆಯಲ್ಲಿ ಕುರಿ ನಿಲ್ಲಿಸಿದ ನಮ್ಮವರೂ ಇದ್ದರು, ಮೇವಿಲ್ಲದ ವರ್ಷ ಏನು ಮಾಡಿಯಾರು. ಅಂಥ ಒಂದು ಗದ್ದೆಯಲ್ಲಿ ಮರುವರ್ಷ ಇನ್ನೊಬ್ಬ ಸಿಡಿಲಿಗೆ ಹೋದ. ಅಕ್ಕೋರು ಆ ಮನೆಗೂ ಹೋಗಿ ನೆಲದ ಮೇಲೆ ಕೂತು ಬಂದರು. ಆಮೇಲೆ ಫೋನು ಹಚ್ಚಿದರೆ ಮೊದಲ ಮಾತು ಕೀಲಿಕೈ ಯಾರ ಕಡೆ ಐತಿ ಎಂದು, ಮೋಡದ ಮಾತು ಆಮೇಲೆ. ನಮ್ಮವ್ವ ಮಾತ್ರ ಅವರೊಂದಿಗೆ ಮಾತು ಬಿಟ್ಟವಳು ಬಿಟ್ಟಂತೆಯೇ ಇದ್ದಳು.

ಹೋದ ಬೇಸಿಗೆಗೆ ಅಕ್ಕೋರ ಹೊಟ್ಟೆಯಲ್ಲಿ ಗಡ್ಡೆ ಎಂದು ಗೊತ್ತಾಯಿತು. ಕೊಪ್ಪಳದ ದವಾಖಾನೆಯಲ್ಲಿ ಇದ್ದರು. ಕಣ್ಣು ಮಂಜಾಗಿತ್ತು. ನಾನು ಮಧ್ಯಾಹ್ನ ಹೋಗಿ ಚಿತ್ರ ನೋಡಿ ಹೇಳುತ್ತಿದ್ದೆ, ಅವರು ಕಣ್ಣು ಮುಚ್ಚಿಕೊಂಡೇ ಯಾರಿಗೆ ಹಚ್ಚಬೇಕು ಎನ್ನುತ್ತಿದ್ದರು. ಒಂದು ದಿನ ನಾನು ಕರೆಯದೆಯೇ ನಮ್ಮವ್ವ ಬಸ್ಸು ಹತ್ತಿ ಬಂದಳು. ಮಂಚದ ಪಕ್ಕ ನಿಂತೇ ಹೇಳಿದಳು.

"ಈ ವರ್ಷ ಯಾರೂ ಹೋಗಿಲ್ರಿ ಅಕ್ಕೋರ."

ಅಕ್ಕೋರು ಕಣ್ಣು ತೆರೆದು ಧ್ವನಿ ಬಂದ ಕಡೆ ಮುಖ ತಿರುಗಿಸಿದರು. "ಬ್ಯಾಸಗಿ ಇನ್ನೂ ಮುಗದಿಲ್ಲವ್ವಾ" ಎಂದರು. ನಮ್ಮವ್ವ ಕೂತಳು. ಅವರ ಕಾಲು ಒತ್ತುತ್ತ ಕೂತಳು.

ಬೇಸಿಗೆ ಮುಗಿಯುವುದರೊಳಗೆ ಅವರೇ ಹೋದರು.

ಮಣ್ಣಿಗೆ ಹೊರಟಾಗ ಹೊತ್ತು ಇಳಿದಿತ್ತು. ಗುಂಡಿಯ ಹತ್ತಿರ ಒಬ್ಬೊಬ್ಬರೇ ಹಿಡಿ ಮಣ್ಣು ತೆಗೆದುಕೊಳ್ಳುತ್ತಿದ್ದರು. ನಾನು ಮೂಡಣ ದಿಕ್ಕು ನೋಡಿದೆ, ಮೋಡ ತಲೆ ಎತ್ತಿತ್ತು. ಸಾಲಿನಿಂದ ಸರಿದು ಚಿತ್ರ ತೆರೆದೆ. ಸಿದ್ದಾಪುರದ ಮೇಲೆ ಕೆಂಪು. ಒಬ್ಬೊಬ್ಬರಿಗೇ ಹಚ್ಚಿದೆ. ಕಾಕಾನ ಮಗ ಮಾತ್ರ ಎತ್ತಲಿಲ್ಲ. ಮತ್ತೆ ಹಚ್ಚಿದೆ, ಮತ್ತೆ ಹಚ್ಚಿದೆ. "ಮಣ್ಣಿಗೆ ಬಂದೂ ಫೋನ್ ಬಿಡಂಗಿಲ್ಲೇನಲೇ?" ಎಂದು ಒಬ್ಬ ಹಿರಿಯರು ಗದರಿದರು. ನಮ್ಮವ್ವ ಅವರಿಗೆ, "ಹಚ್ಚಲಿ ಬಿಡ್ರಿ" ಎಂದಳು.

ಕೊನೆಗೆ ಆ ಕಡೆಯಿಂದ ದನಿ ಬಂತು. ಹಿಂದೆ ತಗಡಿನ ಮೇಲೆ ಮಳೆ ಬಡಿಯುವ ಸದ್ದು. "ಒಳಗ ಅದೀವೋ ಅಣ್ಣಾ. ಕದಾ ಹಾಕ್ಕೊಂಡೀವಿ."

ಫೋನು ಜೇಬಿಗಿಟ್ಟು ತಿರುಗಿದೆ. ಗುಂಡಿ ಮುಚ್ಚಿಯಾಗಿತ್ತು, ಜನ ಕೈ ತೊಳೆಯುತ್ತಿದ್ದರು. ನನ್ನ ಪಾಲಿನ ಹಿಡಿ ಮಣ್ಣು ಹಾಕುವುದು ಆಗಲೇ ಇಲ್ಲ.