ಟ್ರಾಯಲ್ ಹಲ್ಲಿನ ಎತ್ತರ

ರೊಟ್ಟಿ ಅಗಿಯಲು ಆಗದಿದ್ದಾಗ ನಾನು ಮೊದಲು ಬೈದದ್ದು ಸೊಸೆ ನೀಲವ್ವನನ್ನು. ಹಿಟ್ಟು ಸರಿಯಾಗಿ ನಾದಿಲ್ಲ ಎಂದೆ. ಆಕೆ ಕನ್ನಡಿ ತಂದು ನನ್ನ ಬಾಯಿಯ ಮುಂದೆ ಹಿಡಿದಳು.

ಹಲ್ಲೆಲ್ಲ ಸವೆದು ಒಸಡಿಗೆ ಬಂದಿದ್ದವು.

ಹಾನಗಲ್ಲಿನ ಹಲ್ಲಿನ ಡಾಕ್ಟರು ಎಕ್ಸ್‌ರೇ ನೋಡಿ, "ಅಜ್ಜಿ, ಏನ್ ಹಚ್ಚಿ ತಿಕ್ಕತಿದ್ರಿ?" ಎಂದರು. ಇಟ್ಟಂಗಿ ಪುಡಿ ಎಂದೆ, ಇಟ್ಟಿಗೆ ಕುಟ್ಟಿ ಜರಡಿ ಹಿಡಿದದ್ದು. ಸಣ್ಣವಳಿದ್ದಾಗಿನಿಂದ ಅದೇ. ಹಲ್ಲು ಸವೆದು ಗದ್ದ ಮೂಗಿನ ಹತ್ತಿರ ಬಂದಿದೆ, ಕಚ್ಚುವ ಎತ್ತರ ಏರಿಸಬೇಕು, ಬಾಯಿ ತುಂಬ ಕ್ಯಾಪ್ ಹಾಕಬೇಕು ಎಂದರು. ಅದಕ್ಕೆ ಉಳಿದ ಹಲ್ಲನ್ನೂ ಸ್ವಲ್ಪ ಅರೆಯಬೇಕಂತೆ. ಸವೆದದ್ದಕ್ಕೆ ಮತ್ತೆ ಸವೆಸುವುದೇ ಔಷಧವೇ? ಈ ಮನುಷ್ಯ ಸುಳ್ಳು ಹೇಳುತ್ತಾನೆ ಎಂದುಕೊಂಡೆ. ಅರೆದ ಹಲ್ಲು ತಿರುಗಿ ಬರುವುದಿಲ್ಲ.

"ಅರಿಯೂದಕ್ಕಿಂತ ಮೊದಲ ಪ್ಲಾಸ್ಟಿಕ್ ಹಲ್ಲು ಅಂಟಿಸಿ ಟ್ರಾಯಲ್ ನೋಡೂನ್ರಿ" ಎಂದರು. ನಗಲು ಹೇಳಿ ಫೋಟೋ ತೆಗೆದರು. ನಕ್ಕಾಗ ಮುಂದಿನ ಹಲ್ಲು ಎಷ್ಟು ಕಾಣುತ್ತವೆ ಎಂದು ನೋಡಬೇಕಂತೆ. ಪರಗಂಡಸಿನ ಮುಂದೆ ಬಾಯಿಗೆ ಸೆರಗು ಹಿಡಿಯದೆ ನಾನು ಎಂದು ನಕ್ಕಿದ್ದೇನೆ? ತುಟಿ ಒಂದಿಷ್ಟು ಅಗಲಿಸಿದೆ.

ಟ್ರಾಯಲ್ ಹಲ್ಲು ಹಾಕಿಕೊಂಡು ಮನೆಗೆ ಬಂದೆ. ಮಾತಾಡಿದರೆ ಮೇಲಿನವು ಕೆಳಗಿನವಕ್ಕೆ ಬಡಿಯುತ್ತಿದ್ದವು. ತುಟಿ ಕೂಡುತ್ತಿರಲಿಲ್ಲ. ಸಂಜೆಗೆ ದವಡೆ ಸೆಳೆತ.

"ಅತ್ತೀ, ಕುದುರಿ ಹಲ್ಲ ಕಿಸದಂಗ ಆಗೇತ್ರಿ" ಎಂದಳು ನೀಲವ್ವ.

ತಿರುಗಿ ಡಾಕ್ಟರ ಹತ್ತಿರ ಹೋಗಿ ಕುರ್ಚಿಯಲ್ಲಿ ಕುಳಿತವಳೇ ಹೇಳಿದೆ: "ಇವನ್ನ ತಗೀರಿ. ನನ್ನ ಹಲ್ಲು ಮುಟ್ಟಬ್ಯಾಡ್ರಿ."

"ನಮ್ಮತ್ತಿ ಬಸ್ಸಿನ ಕಂಡಕ್ಟರಗೂ ಹಿಂಗ ಬೈದು ಶಿಗ್ಗಾಂವದಾಗ ಇಳದಬಿಟ್ರು, ಡಾಕ್ಟರ" ಎಂದಳು ನೀಲವ್ವ. "ನಾವು ಹೋಗೂದಿತ್ತು ಸವಣೂರಿಗೆ."

ನನಗೆ ನಗು ತಡೆಯಲಾಗಲಿಲ್ಲ. ಸೆರಗು ಎಳೆದೆ. ಎದೆಗೆ ಕಟ್ಟಿದ ಪ್ಲಾಸ್ಟಿಕ್ ಬಟ್ಟೆಯ ಅಡಿಗೆ ಅದು ಸಿಕ್ಕಿಕೊಂಡಿತ್ತು.

ಡಾಕ್ಟರು ನಗಲಿಲ್ಲ. ನನ್ನ ಬಾಯನ್ನೇ ನೋಡುತ್ತ ನಿಂತರು.

"ಅಜ್ಜಿ, ಅವತ್ತ ಫೋಟೋಕ ನೀವು ನಕ್ಕಿದ್ದು ಸುಳ್ಳು. ಅದರಾಗ ಹಲ್ಲ ಕಾಣಲಿಲ್ಲ, ಅದನ್ನ ಅಳತಿ ಹಿಡದು ನಾ ಮುಂದಿನ ಹಲ್ಲು ಉದ್ದ ಮಾಡೇನಿ."

"ದವಡಿ ನೋವು? ಅದೂ ನನ್ನ ಸುಳ್ಳೇನು?"

"ಅದು ನನ್ನ ತಪ್ಪು. ಎತ್ತರ ಹೆಚ್ಚಾಗೇತಿ."

ತಪ್ಪು ಎಂದು ಬಾಯಿಬಿಟ್ಟು ಹೇಳಿದ ಡಾಕ್ಟರನ್ನು ನಾನು ಅದುವರೆಗೆ ನೋಡಿರಲಿಲ್ಲ. ಮುಂದಿನವನ್ನು ಗಿಡ್ಡ ಮಾಡಿದರು. ಹಿಂದಿನವನ್ನು ತುಸು ತುಸುವೇ ತಗ್ಗಿಸಿ, ಪ್ರತಿಸಲ ನನ್ನನ್ನು ಮಾತಾಡಿಸಿ ಹಲ್ಲು ಬಡಿಯುವ ಸದ್ದಿಗೆ ಕಿವಿಗೊಟ್ಟರು. ಆ ಪ್ಲಾಸ್ಟಿಕ್ಕಿನಲ್ಲೇ ಎಷ್ಟೋ ವಾರ ಉಂಡು, ಜಗಳಾಡಿ, ನೋವಿಲ್ಲವೆಂದು ಖಾತ್ರಿಯಾದ ಮೇಲೆಯೇ ಅರೆಯಲು ಒಪ್ಪಿದೆ.

ಈಗ ಗಟ್ಟಿ ಕ್ಯಾಪ್ ಕೂತಿವೆ. ತುಟಿ ಕೂಡುತ್ತವೆ. ಶೇಂಗಾ ಅಗಿಯುತ್ತೇನೆ, ಎಡಗಡೆ ಇನ್ನೂ ಅಂಜಿಕೆ.

"ಹೆಂಗದಾವ್ರಿ?" ಎಂದು ಡಾಕ್ಟರು ಕೇಳಿದರು.

"ಒಂದ್ ವರ್ಷ ಅಗದ ನೋಡಿ ಹೇಳ್ತೇನಿ."

"ಹೇಳಾಕ ಬರ್ರಿ ಮತ್ತ" ಎಂದರು.

ಹೋಗುತ್ತೇನೆ.