ಅಕ್ಕ ಅರ್ಥ ಹೇಳದ ಪದ

ಅಕ್ಕ ಬೇಲೂರಿನಲ್ಲಿ, ನಾನು ಅರಸೀಕೆರೆಯಲ್ಲಿ. ಮೊಬೈಲಿನಲ್ಲಿ ಇಂಗ್ಲಿಷ್ ಪದ ಜೋಡಿಸುವ ಆಟ ನಮ್ಮಿಬ್ಬರ ಮಧ್ಯೆ ವರ್ಷಗಳಿಂದ ನಡೆದಿದೆ. ಯಾರೂ ಆಡದ ಬೀಡಾಡಿ ಪದಗಳೆಲ್ಲ ನಮಗೆ ಗೊತ್ತು. ‘ಝಾಕ್ಸ್’ ಎಂದರೆ ಸೂರಿಗೆ ಹೊದಿಸುವ ಕಲ್ಲುಹಲಗೆ ಕಡಿಯುವ ಕೊಡಲಿ. ಅದಿಲ್ಲದೆಯೇ ನಮ್ಮವರು ಹಳೇಬೀಡು ಕಟ್ಟಿದರು. ‘ಕ್ವಿಡ್‌ನಂಕ್’ ಎಂದರೆ ಊರ ಸುದ್ದಿಗೆಲ್ಲ ಕಿವಿ ಚಾಚಿ ಕೂತವರು. ನಮ್ಮ ಬೀದಿಯಲ್ಲಿ ಅವರಿಗೇನೂ ಬರವಿಲ್ಲ.

ಪದ ನಿಘಂಟಿನಲ್ಲಿ ಇದ್ದರೆ ಸಾಕು, ಮೊಬೈಲು ಅಂಕ ಕೊಟ್ಟುಬಿಡುತ್ತದೆ. ನಮ್ಮ ಕಟ್ಟಳೆ ಬೇರೆ. ಪದ ಇಟ್ಟವರು ಫೋನ್ ಮಾಡಿ ಅರ್ಥ ಹೇಳಬೇಕು, ಇನ್ನೊಬ್ಬರು ತಾವಾಗಿ ಹುಡುಕಿ ನೋಡಬಾರದು. ಹೀಗೆ ದಿನಕ್ಕೊಂದು ನೆಪದಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದೆವು.

ಅಂಥ ಅಕ್ಕ ತನ್ನ ಹೊಸ ಮನೆಯ ಗೃಹಪ್ರವೇಶಕ್ಕೆ ಓರಗಿತ್ತಿಯರ ಮನೆಮನೆಗೆ ಹೋಗಿ ಕುಂಕುಮವಿಟ್ಟು ಕರೆದಳು. ನನಗೆ ಮಾತ್ರ ಮೊಬೈಲಿಗೆ ಕಾರ್ಡಿನ ಫೋಟೋ!

“ನೀನು ಮನೆಯವ್ಳೇ ಅಲ್ವೇನೇ?” ಎಂದಳು ಫೋನಿನಲ್ಲಿ.

ಮನೆಯವಳಾದರೆ ಹಣೆ ಇರುವುದಿಲ್ಲವೇ? ಮೈಯೆಲ್ಲ ಉರಿದುಹೋಯಿತು. ಹೋಗಲಿಲ್ಲ. ಆಮೇಲೆ ಅವಳ ಫೋನನ್ನೂ ಎತ್ತಲಿಲ್ಲ. ಅವಳೂ ಮಾಡುವುದನ್ನು ಬಿಟ್ಟಳು. ಆಟವನ್ನು ಮಾತ್ರ ಇಬ್ಬರೂ ಬಿಡಲಿಲ್ಲ.

ಒಂದು ಬೆಳಿಗ್ಗೆ ಅಕ್ಕ ‘ಆಕ್ಸ್‌ಟರ್’ ಎಂದು ಇಟ್ಟಳು. ಎತ್ತಿಗೆ ಸಂಬಂಧಪಟ್ಟದ್ದೋ, ಗಾಡಿಗೋ? ರೊಟ್ಟಿ ತಟ್ಟುವಾಗಲೂ ಅದೇ ಧ್ಯಾನ. ಎರಡು ಸೀದವು.

“ಹುಡುಕಿ ನೋಡೇ, ಯಾರಿಗ್ ಗೊತ್ತಾಗುತ್ತೆ?” ಎಂದರು ನಮ್ಮ ಯಜಮಾನರು, ಸೀದದ್ದನ್ನೇ ಮುರಿಯುತ್ತ.

“ನಂಗ್ ಗೊತ್ತಾಗುತ್ತೆ ಕಣ್ರೀ.”

ಹುಡುಕಿಬಿಟ್ಟರೆ ಅಕ್ಕ ನನ್ನನ್ನು ಮಾತಾಡಿಸಲು ಉಳಿದಿದ್ದ ಒಂದು ಕಾರಣವೂ ಹೋಗುತ್ತದಲ್ಲ ಎಂದು ನನಗೆ ಹೆದರಿಕೆ.

ಮೊನ್ನೆ ಭಾನುವಾರ ಬಾಗಿಲು ತೆಗೆದರೆ ಅಕ್ಕ! ಜಾವಗಲ್‌ವರೆಗೂ ಬಸ್ಸಿನಲ್ಲಿ ನಿಂತೇ ಬಂದಳಂತೆ. ಕೈಯಲ್ಲಿ ಕುಂಕುಮದ ಭರಣಿ.

“ಗೃಹಪ್ರವೇಶ ಆಗಿ ಎಷ್ಟ್ ಕಾಲ ಆಯ್ತು!” ಎಂದೆ, ಮುಖ ಊದಿಸಿಕೊಂಡೇ.

“ಆಗ್ಲಿ ಬಿಡೇ. ಹಣೆ ತೋರ್ಸು.”

ಕುಂಕುಮ ಇಡಿಸಿಕೊಂಡೆ. ನೀರು ಬೇಕೇ ಎಂದೂ ವಿಚಾರಿಸದೆ ಕೇಳಿಯೇಬಿಟ್ಟೆ: “ಆಕ್ಸ್‌ಟರ್ ಅಂದ್ರೇನಕ್ಕ?”

ಮೊಮ್ಮಕ್ಕಳು ಕಂಡ ಈ ವಯಸ್ಸಿನಲ್ಲಿ, ನಡುಬಾಗಿಲಲ್ಲಿ, ನನ್ನ ಕಂಕುಳಿಗೆ ಬೆರಳು ಹಾಕಿ ಕಚಗುಳಿ ಇಟ್ಟಳು. “ಇದೇ ಕಣೇ, ಕಂಕುಳು!”

ನಗು ತಡೆಯಲಾಗದೆ ಹೊಸ್ತಿಲ ಪಕ್ಕ ಕುಸಿದು ಕೂತೆ. ಅಕ್ಕನೂ ಬಂದು ಕೂತಳು. ಅವಳು ಮಾತ್ರ ನಗುತ್ತಿರಲಿಲ್ಲ.

“ನೀನ್ ಮಾತ್ ಬಿಟ್ಮೇಲೆ ಅಷ್ಟ್ ಆಟಾನೂ ನಾನೇ ಗೆದ್ದೆ ಕಣೇ,” ಎಂದಳು. “ಹೇಳ್ಕೊಳ್ಳೋಕೆ ಯಾರೂ ಇರ್ಲಿಲ್ಲ.”