ಸೈಟು ನಮ್ಮದು, ಸರ್ಟಿಫಿಕೇಟು ಸೀರೆ ಅಂಗಡಿಯದು

ಬೆಳಗ್ಗೆ ನೀರು ತುಂಬಿದೆ. ಮೆಂತ್ಯ ಸೋಸಿದೆ. ಒಗೆದ ಬಟ್ಟೆಗಳನ್ನು ಮಾಳಿಗೆಯ ಮೇಲೆ ಒಣಹಾಕಿದೆ. ಗ್ಯಾಸಿನವರಿಗೆ ಫೋನ್ ಮಾಡಿದೆ. ಹತ್ತು ಗಂಟೆಯೊಳಗೆ ಮೈದುನನ ಮೇಲೆ ಅನುಮಾನಪಟ್ಟೆ. (ದಿನಚರಿಯಲ್ಲಿ ಈ ಕೊನೆಯದನ್ನು ಬರೆದಿಲ್ಲ.)

ಕಾರಣ, ಕಮಲಾಪುರದಿಂದ ಬಂದ ಒಂದು ಫೋನ್. ಗಾಜಿಪುರ ಬಡಾವಣೆಯ ಮನೆಯಲ್ಲೇ ಕುಳಿತು ನಾನು ವಧುವರರ ವೆಬ್‌ಸೈಟ್ ನಡೆಸುತ್ತೇನೆ. ಆ ಊರಿನ ಕುಲಕರ್ಣಿ ಮಾಸ್ತರರು ಮಗಳ ಫೋಟೋ, ಜಾತಕ ಹಾಕಲು ಅಲ್ಲಿನ ಇಂಟರ್ನೆಟ್ ಸೆಂಟರಿಗೆ ಹೋಗಿದ್ದರು.

“ಅಕ್ಕಾರ, ನಿಮ್ಮ ಸೈಟ್ ತಗದ್ರ ಎಚ್ಚರಿಕಿ ಬರಾಕತ್ತದ. ಸರ್ಟಿಫಿಕೇಟ್ ಯಾವುದೋ ಸೀರಿ ಅಂಗಡೀದಂತ. ಹುಡುಗಿ ಫೋಟೋ ಯಾರ ಕೈಗೆ ಹೋಗ್ತದ್ರೀ?”

“ಏನೋ ತಪ್ಪಾಗಿರಬೇಕ್ರೀ, ಮಾಸ್ತರ.”

“ಎರಡು ಗಂಟೆ ತನಕ ನೋಡ್ತೀನಿ. ಇಲ್ಲಾಂದ್ರ ನಮ್ಮ ಹೆಸರ ತಗದಬಿಡ್ರಿ.”

ಅವರದೇನು ತಪ್ಪು? ಎಸ್‌ಎಸ್‌ಎಲ್ ಸರ್ಟಿಫಿಕೇಟ್ ಅಂದರೆ ಸೈಟಿನ ಗುರುತಿನ ಚೀಟಿ. ಚೀಟಿಯಲ್ಲಿ ಬೇರೆಯವರ ಹೆಸರಿದ್ದರೆ ಮಗಳ ಫೋಟೋ ಯಾರು ಕೊಟ್ಟಾರು? ಒಬ್ಬರು ಹಿಂದೆ ಸರಿದರೆ ಸುದ್ದಿ ಸಂಜೆಯೊಳಗೆ ಎಲ್ಲ ಬೀಗರ ಮನೆ ಮುಟ್ಟುತ್ತದೆ.

ಸೀರೆ ಅಂಗಡಿ ಅಂದೊಡನೆ ನನಗೆ ಹೊಳೆದಿದ್ದು ಪ್ರಹ್ಲಾದ, ನನ್ನ ಮೈದುನ. ನಮ್ಮ ಸೈಟ್ ಮಾಡಿದವನೂ ಅವನೇ, ಸೂಪರ್ ಮಾರ್ಕೆಟ್ ಪೇಟೆಯ ಒಂದು ಸೀರೆ ಅಂಗಡಿಯ ಸೈಟ್ ಮಾಡಿದವನೂ ಅವನೇ. ಎರಡೂ ಒಂದೇ ಸರ್ವರಿನಲ್ಲಿ. ನನಗೆ ಹೇಳದೆ ಏನು ಅದಲುಬದಲು ಮಾಡಿದ?

ಕರೆಸಿದೆ. ಬಂದ.

“ವೈನಿ, ವಾರ ಆತು, ನಾ ಅದನ್ನ ಮುಟ್ಟೇ ಇಲ್ಲ.”

“ಹಂಗಾರ ದೆವ್ವ ಬಂದು ಹಾಕ್ತೇನು?”

“ಪಾಸ್‌ವರ್ಡ್ ಇಬ್ಬರ ಹತ್ರಾನೂ ಅದ. ನಾ ಅಲ್ಲಾಂದ್ರ...” ಅಷ್ಟಕ್ಕೇ ನಿಲ್ಲಿಸಿದ. (ಹಿರಿಯರೆಂದರೆ ಮರ್ಯಾದೆ.)

ಕಂಟ್ರೋಲ್ ಪ್ಯಾನಲ್ ತೆರೆದ. ಎರಡೂ ಸೈಟುಗಳಿಗೆ ಒಂದೇ ಐಪಿ ವಿಳಾಸ, ಅಂದರೆ ಇಂಟರ್ನೆಟ್ಟಿನಲ್ಲಿ ಒಂದೇ ಮನೆ ನಂಬರು. ಈ ಹಳೆಯ ಸರ್ವರಿನಲ್ಲಿ ಒಂದು ವಿಳಾಸಕ್ಕೆ ಒಂದೇ ಸರ್ಟಿಫಿಕೇಟ್ ನಡೆಯುತ್ತದೆಯಂತೆ. ಆಮೇಲೆ ಹಾಕಿದ್ದು ಮೊದಲಿನದನ್ನು ದಬ್ಬುತ್ತದೆ. ಅದಕ್ಕೇ ಅವನು ಅಂಗಡಿಗೆ ಬೇರೆ ಐಪಿ ಬರಲೆಂದು ಕಾಯುತ್ತಿದ್ದ. ಆದರೆ ಯಾರೋ ಹೋದ ಗುರುವಾರವೇ ಅಂಗಡಿಯ ಸರ್ಟಿಫಿಕೇಟ್ ಹಾಕಿಬಿಟ್ಟಿದ್ದರು.

“ಗುರುವಾರ ನೀನೇ ಇಲ್ಲಿ ಬಂದು ಕುಂತಿದ್ದಿ!” ಎಂದೆ. ಸಾಬೀತು ಮಾಡಲು ದಿನಚರಿ ತಂದೆ. ಜೋರಾಗಿಯೇ ಓದಿದೆ.

“ಗುರುವಾರ. ಹಪ್ಪಳದ ಹಿಟ್ಟು ನಾದಿದೆ. ಪ್ರಹ್ಲಾದ ಬೀದರಿಗೆ ಹೋದ. ಮೇಲ್‌ನಲ್ಲಿ ಸರ್ಟಿಫಿಕೇಟ್ ಬಂತು, ಹಾಕಿದೆ.”

ಅಕ್ಷರ ನನ್ನದೇ. ಪ್ರಹ್ಲಾದ ನನ್ನ ವಿಳಾಸವನ್ನೇ ಕೊಟ್ಟಿದ್ದರಿಂದ ಎರಡೂ ಸೈಟುಗಳ ಮೇಲ್ ನನಗೇ ಬರುತ್ತದೆ. ಯಾರ ಹೆಸರಿನದೆಂದು ನೋಡದೆ, ಕೆಲಸವೊಂದು ಮುಗಿಯಿತೆಂದು ಹಿಗ್ಗಿದ್ದೆ. ಬೆಳಗಿನಿಂದ ಮೈದುನನನ್ನು ಅನುಮಾನಿಸಿದವಳಿಗೆ ನನ್ನ ಹೆಸರೊಂದು ಹೊಳೆಯಲಿಲ್ಲ ನೋಡಿ!

ಅಂಗಡಿಯದನ್ನು ತೆಗೆದು ನಮ್ಮದನ್ನು ಮತ್ತೆ ಹಾಕಿದ. ಎರಡಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಮಾಸ್ತರರ ಫೋನ್.

“ಈಗ ನಿಮ್ಮ ಹೆಸರ ಬಂತ್ರೀ. ಫೋಟೋ ಹಾಕೀನಿ. ನಾಳಿ ಮತ್ತೊಮ್ಮಿ ನೋಡ್ತೀನಿ. ತಪ್ಪು ಯಾರದಿತ್ರೀ?”

“ಕಂಪ್ಯೂಟರಿಂದ್ರೀ,” ಎಂದೆ. ಪ್ರಹ್ಲಾದ ಎದುರಿಗೇ ಕುಳಿತಿದ್ದ.

ಊಟಕ್ಕೆ ಜೋಳದ ರೊಟ್ಟಿ, ಮೆಂತ್ಯದ ಪಲ್ಯ, ಮಜ್ಜಿಗೆ. ಅವನು ಇನ್ನೊಂದು ರೊಟ್ಟಿ ಹಾಕಿಸಿಕೊಂಡು ಉಂಡ. ಪಡಸಾಲೆಯಲ್ಲಿ ಮೊದಲು ನಿದ್ದೆ ಹೋದವನೂ ಅವನೇ.

ವೈನಿಯ ಇಷ್ಟು ದೊಡ್ಡ ತಪ್ಪು ಸಿಕ್ಕರೂ ಒಂದು ಮಾತೂ ಆಡದೆ ಮಲಗುವ ಮೈದುನನನ್ನು ನಂಬುವುದು ಹೇಗೆ, ಹೇಳಿ?